ಚಾಂದಪಾಶಾನ ಕರಿ ಕೇಬಲ್ಲು

ಚಾಂದಪಾಶಾನ ಹೆಸರು ಕೇಳಿದರೆ ನನಗೆ ಮೈ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಟ್ಟೆಕಿಚ್ಚಿನವನು ಬರೆದದ್ದೆಂದು ತಿಳಿದೇ ಓದಿ. ಕಲಬುರಗಿಯಲ್ಲಿ ನಾವಿಬ್ಬರೂ ಟಿವಿಯ ಛತ್ರಿ, ಅಂದರೆ ಡಿಶ್, ಕೂರಿಸುವವರು. ನಾನು, ಸುಧಾಕರ, ದಿನಕ್ಕೆ ಐದು ಮನೆ ಮುಗಿಸುತ್ತೇನೆ. ಅವನು ಎರಡು. ಆದರೂ ಜನ ಅವನಿಗಾಗಿ ವಾರಗಟ್ಟಲೆ ಕಾಯುತ್ತಾರೆ, ನಾನು ಕಣ್ಣೆದುರಿಗೆ ಬ್ಯಾಗು ಹಿಡಿದು ನಿಂತಿದ್ದರೂ.

ಅವನ ತಂದೆ ನಮ್ಮೂರಿನ ಗಾಜಿಪುರ ಓಣಿಯಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಪಾತ್ರೆ ಸೋರುವುದು ಬೆಸುಗೆಯಲ್ಲೇ ಎಂಬ ಮಾತು ಕೇಳುತ್ತ ಬೆಳೆದವನು ಛತ್ರಿಯ ಕೆಲಸಕ್ಕೂ ಅದೇ ಬುದ್ಧಿ ತಂದ. ಸೇಡಂ ರಸ್ತೆಯ ಅಂಗಡಿಯಲ್ಲಿ ನಾವೆಲ್ಲ ಕೇಬಲ್ಲಿನ ಸುರುಳಿ ಎತ್ತಿಕೊಂಡು ಹೊರಟರೆ, ಅವನು ತುದಿ ಸುಲಿದು ನಡುವಿನ ತಂತಿಗೆ ಜೇಬಿನ ಅಯಸ್ಕಾಂತ ಮುಟ್ಟಿಸುತ್ತಾನೆ. ಅಂಟಿಕೊಂಡರೆ ಮೇಲೆ ತಾಮ್ರದ ಲೇಪ, ಒಳಗೆ ಕಬ್ಬಿಣ.

"ಛತ್ರಿ ಮುಂದ ಇರೋ ಮೂತಿಗಿ ಕರೆಂಟ್ ಇದರಾಗೇ ಹೋಗ್ತದ್ರಿ. ಕಬ್ಬಿಣದಾಗ ಅದು ದಾರಿಯಾಗೇ ಕಮ್ಮಿ ಆಗ್ತದ, ಉದ್ದ ಎಳ್ಯಾಕ ಇದು ನಡ್ಯಂಗಿಲ್ಲ" ಎಂದು ವಾಪಸ್ಸು ಇಡುತ್ತಾನೆ.

ಬಿಳಿ ಹೊದಿಕೆಯ ಅಗ್ಗದ ಕೇಬಲ್ಲನ್ನು ಮುಟ್ಟುವುದೇ ಇಲ್ಲ. ಅದು ನಮ್ಮ ಬಿಸಿಲಿಗೆ ಎರಡೇ ಬೇಸಿಗೆಯಲ್ಲಿ ಸೀಳುತ್ತದಂತೆ. ಹೊರಗಿನ ಕೆಲಸಕ್ಕೆಂದೇ ಮಾಡಿದ ಕರಿಯದೇ ಆಗಬೇಕಂತೆ. ತುದಿಯ ಕನೆಕ್ಟರು ಕೂಡ ನಾವು ಹಾಕುವ ಹಾಗೆ ಕೈಯಿಂದ ತಿರುವಿ ಕೂರಿಸುವುದಲ್ಲ, ಇಕ್ಕಳದಂಥ ಒಂದು ಉಪಕರಣದಿಂದ ಒಮ್ಮೆಗೇ ಒತ್ತಿ ಕೂರಿಸುವುದು. ಅದರ ಮೇಲೆ ರಬ್ಬರಿನ ಟೊಪ್ಪಿಗೆ, ಅದರ ಮೇಲೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪು. "ಮದುಮಗನಿಗೂ ಇಷ್ಟು ಸಿಂಗಾರ ಮಾಡಂಗಿಲ್ಲ" ಎಂದು ನಾನೊಮ್ಮೆ ನಕ್ಕಿದ್ದೆ. ಅಂಗಡಿಯ ಮಹಾದೇವ, "ಎಟುಕದ ದ್ರಾಕ್ಷಿ ಹುಳಿ ಅಂತ್ರಿ ಸುಧಾಕರಣ್ಣ" ಎಂದುಬಿಟ್ಟ. ಆ ದಿನವೆಲ್ಲ ನನಗೆ ಊಟ ಸೇರಲಿಲ್ಲ.

ಅದನ್ನೂ ಸಹಿಸಿಕೊಂಡೆ. ಆದರೆ ಹೋದ ಶ್ರಾವಣದಲ್ಲಿ ಹೆಂಡತಿ ತ್ರಿವೇಣಿಯ ಜೊತೆ ಅವಳ ತವರು ಕಮಲಾಪುರಕ್ಕೆ ಹೋದಾಗ ಆದದ್ದನ್ನು ಸಹಿಸುವುದು ಹೇಗೆ? ಮನೆ ಊರ ಹೊರಗೆ, ಬಾಳೆಯ ತೋಟದ ಮಗ್ಗುಲಲ್ಲಿದೆ. ಅಂಗಳಕ್ಕೆ ಕಾಲಿಡುತ್ತಲೇ ಕಂಡದ್ದು ಮಾಳಿಗೆಯಿಂದ ಇಳಿದ ಕರಿ ಕೇಬಲ್ಲು. ಗೋಡೆಯೊಳಕ್ಕೆ ನುಗ್ಗುವ ಮೊದಲು ಅದು ಕೆಳಕ್ಕೆ ಜೋತು ಒಂದು ಬಾಗು ತೆಗೆದುಕೊಂಡಿತ್ತು, ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗಲೆಂದು. ಅದು ಯಾರ ಕೈಯ ಬಾಗೆಂದು ನಾನು ಕೇಳಬೇಕಾಗಿರಲಿಲ್ಲ. ಮೂರು ವರ್ಷದ ಹಿಂದೆ ನಾನೇ ಹಾಕಿಕೊಟ್ಟಿದ್ದ ಬಿಳಿ ಕೇಬಲ್ಲು ಹಿತ್ತಲಲ್ಲಿ ಬಟ್ಟೆ ಒಣಗಿಸುವ ಹಗ್ಗವಾಗಿತ್ತು.

"ನನಗೊಂದು ಫೋನ್ ಮಾಡಬೇಕಿತ್ತಲ್ರಿ ಅತ್ತಿ" ಎಂದೆ.

ಅತ್ತೆ ಪುತಳಾಬಾಯಿ ನನ್ನ ಮುಖ ನೋಡಲಿಲ್ಲ. "ಅಳಿಯಂದ್ರನ್ನ ಮಾಳಗಿ ಏರಿಸಿ ದುಡಿಸಿದ್ರ ಮಂದಿ ಏನಂದಾರ್ರಿ? ನೀವು ಆರಾಮ ಕುಂದರ್ರಿ."

ಅಳಿಯನಿಗೆ ಕೆಲಸ ಹೇಳಬಾರದೆಂಬ ರೂಢಿ ನಮ್ಮಲ್ಲಿದೆ, ನಿಜ. ಮೂರು ವರ್ಷದ ಹಿಂದೆ ಅದು ನೆನಪಾಗಿರಲಿಲ್ಲ. ಮಳೆ ಬಂದಾಗಲೆಲ್ಲ ನನ್ನ ಛತ್ರಿ ಕೈಕೊಡುತ್ತಿತ್ತೆಂದು ಹೇಳಲಾರದೆ ಅತ್ತೆ ರೂಢಿಯನ್ನು ಅಡ್ಡ ಹಿಡಿದರು, ಅಷ್ಟೇ. ಹಿತ್ತಲ ಗಿಡ ಮದ್ದಲ್ಲ! ಸ್ವಂತ ಅತ್ತೆಯೇ ಕರೆಯದವನನ್ನು ಕಮಲಾಪುರದಲ್ಲಿ ಇನ್ನು ಯಾರು ಕರೆದಾರು? ಪಾಶಾನ ಕೆಲಸದಲ್ಲಿ ಒಂದಾದರೂ ತಪ್ಪು ಹಿಡಿದು ತೋರಿಸದಿದ್ದರೆ ಈ ಊರಿನಲ್ಲಿ ನನ್ನ ಹೆಸರು ಮುಗಿದ ಹಾಗೆಯೇ.

ಫೋನಿಗೆ ಸಿಗ್ನಲ್ ಇಲ್ಲವೆಂದು ನೆಪ ಹೇಳಿ ಮಾಳಿಗೆ ಹತ್ತಿದೆ. ಚಾಕುವಿನಿಂದ ಟೇಪು ಸೀಳಿದೆ, ಟೊಪ್ಪಿಗೆ ಸರಿಸಿದೆ, ಕನೆಕ್ಟರು ಬಿಚ್ಚಿದೆ. ನಡುವಿನ ತಂತಿ ಹೊಸ ತಂಬಿಗೆಯಂತೆ ಹೊಳೆಯುತ್ತಿತ್ತು. ಕಿಲುಬಿಲ್ಲ, ತೇವವಿಲ್ಲ. ಒಳಗಡೆಯಾದರೂ ಏನಾದರೂ ಎಡವಟ್ಟು ಇರಲೇಬೇಕೆಂದು ಕನೆಕ್ಟರನ್ನು ಹಿಡಿದು ತಿರುಚಿ ಜಗ್ಗಿದೆ. ಮೂರನೆಯ ಸಲಕ್ಕೆ ಅದು ಕೇಬಲ್ಲಿನ ಹೊದಿಕೆಯೊಳಗಿನ ತಂತಿಯ ಜಾಳಿಗೆಯನ್ನು ಹರಿದುಕೊಂಡೇ ಕೈಗೆ ಬಂತು. ಅಂಥದ್ದನ್ನು ಒಮ್ಮೆ ಕಿತ್ತರೆ ಮತ್ತೆ ಕೂರಿಸಲು ಬರುವುದಿಲ್ಲ; ಹೊಸದು ಬೇಕು, ಒತ್ತುವ ಉಪಕರಣ ಬೇಕು. ನನ್ನಲ್ಲಿ ಎರಡೂ ಇರಲಿಲ್ಲ.

ಕೆಳಗಿನಿಂದ ಅತ್ತೆಯ ದನಿ ಕೇಳಿತು. "ಅಳಿಯಂದ್ರ, ಟಿವಿ ಹೋತಲ್ರಿ!"

"ಮೋಡ ಆಗ್ಯಾದ್ರಿ, ಅದಕ್ಕಿರಬೇಕು."

"ಮೊನ್ನಿ ಅಷ್ಟು ಮಳಿ ಹೊಡದ್ರೂ ಹೋಗಿರಲಿಲ್ಲ ಬಿಡ್ರಿ!"

ನೀರಿನ ಟ್ಯಾಂಕಿನ ಮರೆಗೆ ಸರಿದು, ಯಾರ ನಂಬರನ್ನು ಸಾಯುವವರೆಗೂ ಒತ್ತಬಾರದೆಂದಿದ್ದೆನೋ ಅದನ್ನು ಒತ್ತಿದೆ. ಆದದ್ದನ್ನು ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ನನಗೆಷ್ಟೋ ಹಗುರವಾಗುತ್ತಿತ್ತು. "ಇರ್ರಿ, ಬರ್ತೀನಿ" ಎಂದನಷ್ಟೇ.

ಒಂದು ತಾಸಿನೊಳಗೆ ಅವನ ಬೈಕು ಅಂಗಳಕ್ಕೆ ಬಂತು. ಅತ್ತೆ ಬೆರಗಾಗಿ ಹೊರಗೆ ಬಂದರು. ಅವನು ನನ್ನತ್ತ ತಿರುಗಿಯೂ ನೋಡದೆ, "ಯಮ್ಮಾ, ಅವತ್ತು ಒಂದು ಕನೆಕ್ಟರ್ ಸರಿ ಒತ್ತಿರಲಿಲ್ಲ ಅಂತ ಸಂಶಯ ಇತ್ತು. ನೋಡಿ ಹೋಗ್ತೀನಿ" ಎಂದ.

ನಾನೂ ಹಿಂದೆಯೇ ಹತ್ತಿದೆ. ಹರಿದ ತುದಿಯನ್ನು ಕತ್ತರಿಸುತ್ತ ಅವನು ಮೆಲ್ಲಗೆ ಕೇಳಿದ, "ಯಾಕ ಬಿಚ್ಚಿದ್ರಿ, ಭಾಯ್?"

"ತಪ್ಪು ಹುಡುಕಾಕ."

"ಸಿಕ್ತೇನ್ರಿ?"

"ಇಲ್ಲ" ಎಂದೆ. ಅವನು ನಕ್ಕು ಕನೆಕ್ಟರು ಒತ್ತಿದ.

ಟಿವಿ ಬಂತು. ಅತ್ತೆ ಅವನನ್ನು ಹಾಗೇ ಕಳಿಸಲಿಲ್ಲ. ನನ್ನ ಪಕ್ಕದಲ್ಲೇ ಕೂರಿಸಿ, ಹೋಳಿಗೆಯ ಮೇಲೆ ಎರಡು ಸಲ ತುಪ್ಪ ಸುರಿದರು. ನನಗೆ ಒಂದೇ ಸಲ.

"ನೋಡ್ರಿ ಅಳಿಯಂದ್ರ," ಎಂದರು, "ಯಾರೂ ಕರದಿಲ್ಲ, ತಾನಾಗೇ ಅಷ್ಟು ದೂರದಿಂದ ಬಂದಾನ. ಕೆಲಸದವರಂದ್ರ ಹಿಂಗಿರಬೇಕು."

ಪಾಶಾ ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಿದ್ದ. ತ್ರಿವೇಣಿ ನನ್ನನ್ನೇ ನೋಡುತ್ತಿದ್ದಳು.

"ಹೌದ್ರಿ ಅತ್ತಿ" ಎಂದೆ.