ಎದುರುಮನೆಯ ಬಿಸಿಲು

ಎದುರುಮನೆ ಅಕ್ಕನ ಸೆರಗಿನ ತುಂಬ ಸಾಸಿವೆ ಕಾಳಿನಷ್ಟು ತೂತುಗಳಿದ್ದವು. ಬ್ಯಾಟರಿಗೆ ನೀರು ತುಂಬಿ ಕೈಯನ್ನು ಸೆರಗಿಗೇ ಒರೆಸಿಕೊಳ್ಳುತ್ತಿದ್ದರು; ಆಸಿಡ್ ತಗುಲಿದಲ್ಲಿ ಬಟ್ಟೆ ಸುಟ್ಟುಹೋಗುತ್ತಿತ್ತು. ಮಕ್ಕಳೇ, ನನಗೆ ಆ ತೂತುಗಳ ಮೇಲೂ ಹೊಟ್ಟೆಕಿಚ್ಚಿತ್ತು.

ಆಗ ಅರಸೀಕೆರೆಯಲ್ಲಿ ದೀಪ ಹಚ್ಚುವ ಹೊತ್ತಿಗೇ ಕರೆಂಟ್ ತೆಗೆಯುತ್ತಿದ್ದರು. ನಮ್ಮ ಬೀದಿಯಲ್ಲಿ ಸೋಲಾರ್ ಇದ್ದದ್ದು ಅವರೊಬ್ಬರಿಗೆ. ಕೊಬ್ಬರಿ ವ್ಯಾಪಾರದ ಅವರ ಯಜಮಾನರು ತಾರಸಿಯ ಮೇಲೆ ಕಪ್ಪು ಹಲಗೆ ಹಾಕಿಸಿ, ಮೆಟ್ಟಿಲ ಕೆಳಗೆ ಬ್ಯಾಟರಿ ಇಡಿಸಿದ್ದರು. ಹಗಲಿನ ಬಿಸಿಲು ಅದರಲ್ಲಿ ಕೂತಿದ್ದು ಸಂಜೆ ಪಡಸಾಲೆಯ ಟ್ಯೂಬ್‌ಲೈಟಿನಲ್ಲಿ ಉರಿಯುತ್ತಿತ್ತು. ಅಕ್ಕ ಸ್ವಿಚ್ ಹಾಕಿ, ದೀಪಕ್ಕೆ ಕೈಮುಗಿದು, ಬಾಗಿಲಿಗೆ ಬಂದು ಕೂಗುತ್ತಿದ್ದರು: "ಬನ್ರೋ, ಪುಸ್ತಕ ತಗೊಂಡ್ ಬನ್ರೋ! ಬೆಳಕು ಸುಮ್ನೆ ಹೋಯ್ತಾ ಐತೆ!"

ನಿಮ್ಮ ಅಮ್ಮ ಆಗ ಹತ್ತನೆಯ ತರಗತಿ. ನಿಮ್ಮ ತಾತ ಹೋದ ಮೇಲೆ ನನಗಿದ್ದವಳು ಅವಳೊಬ್ಬಳೇ. ಲಾಟೀನಿನ ಗಾಜನ್ನು ಬೂದಿಯಲ್ಲಿ ತಿಕ್ಕಿ ಫಳಫಳ ಮಾಡಿಟ್ಟರೂ, "ಕಣ್ಣುರಿ ಬತ್ತೈತಮ್ಮ, ದೊಡ್ಡಮ್ಮನ ಮನೇಲಿ ಓದ್ಕೊಂಡ್ ಬತ್ತೀನಿ" ಎಂದು ಹೊರಟುಬಿಡುತ್ತಿದ್ದಳು. ಅವರು ಯಾವ ಸೀಮೆಯ ದೊಡ್ಡಮ್ಮ? ತವರೂರು ಹುಲಿಕೆರೆಯ ಶಾಲೆ ಬಿಟ್ಟು ಬೇರೇನೂ ಕಾಣದ ನನಗೆ ಮನಸ್ಸಿನಲ್ಲಿದ್ದದ್ದನ್ನು ಆಡಲು ಬರುತ್ತಿರಲಿಲ್ಲ. ಕತ್ತಲ ಜಗಲಿಯಲ್ಲಿ ಕೂತು, ಎದುರಿನ ಬೆಳಕಿನಲ್ಲಿ ನನ್ನ ಮಗಳು ನಗುವುದನ್ನು ನೋಡುತ್ತಿದ್ದೆ.

ಆ ವರ್ಷದ ಆಯುಧಪೂಜೆಯಲ್ಲಿ ಅಕ್ಕ ಸ್ಕೂಟರಿನ ಜೊತೆ ಸೋಲಾರ್ ಹಲಗೆಗೂ ಪೂಜೆ ಮಾಡಿಸಿದರು. ಅಡ್ಡಕ್ಕೆ ಮೂರು ಪಟ್ಟೆ ವಿಭೂತಿ, ಮೇಲೆ ದಪ್ಪನೆಯ ಚೆಂಡುಹೂವಿನ ಹಾರ. ಮರುದಿನ ಸಂಜೆ ಟ್ಯೂಬ್‌ಲೈಟ್ ಮಿಣಮಿಣ ಎಂದು ಆರಿಹೋಯಿತು. ನಿಮ್ಮ ಅಮ್ಮ ನನ್ನ ಲಾಟೀನಿನ ಮುಂದೆ ಬಂದು ಕೂತಳು. ಆ ಸಂಜೆ ನಾನು ಒಬ್ಬಟ್ಟು ಮಾಡಿದೆ.

ಬೆಳಿಗ್ಗೆ ಅಕ್ಕ ನಮ್ಮ ಜಗಲಿಗೆ ಬಂದರು. "ಸೋಲಾರ್ ಅಂಗಡಿಯವ್ನು ಫೋನಲ್ಲಿ ಬೈದ ಕಣೇ, ಬಿಸಿಲು ಬೀಳೋ ಜಾಗಕ್ಕೆ ಹೊದಿಕೆ ಹೊದಿಸಿದ್ದೀರಲ್ಲಮ್ಮ ಅಂತ. ಶಿವನಿಗೆ ಹಚ್ಚೋದನ್ನ ಹಚ್ಚಿದ್ರೆ ಹಿಂಗಾ ಮುನಿಸ್ಕೊಳ್ಳೋದು?" ನಗುತ್ತಲೇ ಮಂಡಿ ನೀವಿಕೊಂಡರು. "ಯಜಮಾನ್ರು ತಿಪಟೂರಿಗೆ ಹೋಗವ್ರೆ. ನನ್ ಕೈಲಿ ಮೆಟ್ಲು ಹತ್ತಕ್ಕಾಗಲ್ಲ. ಕೂಸಿಗೆ ಎಸ್ಸೆಲ್ಸಿ ವರ್ಷ. ನೀನೇ ಒಸಿ ಒರೆಸ್ಕೊಡೆ."

ಒರೆಸಿದರೆ ಮಗಳು ಮತ್ತೆ ಎದುರುಮನೆಯವಳು. ಒರೆಸದಿದ್ದರೆ ಅವಳ ಓದು ಲಾಟೀನಿನ ಹೊಗೆಯಲ್ಲಿ. ಒದ್ದೆ ಬಟ್ಟೆ ಹಿಡಿದು ಮೆಟ್ಟಿಲು ಹತ್ತಿದೆ. ಹಾರ ತೆಗೆದಿಟ್ಟೆ; ಒಣಗಿದ ವಿಭೂತಿ ಬೇಗ ಬಿಡಲಿಲ್ಲ. ಗೀರು ಬಿದ್ದೀತೆಂದು ನೀರು ಚಿಮುಕಿಸಿ ಮೆಲ್ಲಗೆ ಉಜ್ಜಿದೆ.

ಸಂಜೆ ದೀಪ ಹತ್ತಿತು. ಅಕ್ಕ ಬೀದಿಗೆಲ್ಲ ಕೇಳುವಂತೆ ನಿಮ್ಮ ಅಮ್ಮನಿಗೆ, "ಓದೇ, ಓದು. ಇವತ್ತು ನಿಮ್ಮಮ್ಮ ಒರೆಸಿದ ಬೆಳಕು" ಎಂದರು. ಅಂದಿನಿಂದ ದಿನವೂ ಹಲಗೆಯ ಧೂಳು ಒರೆಸುವುದು ನನ್ನ ಕೆಲಸವಾಯಿತು. ದಿನವೂ ಸಂಜೆ ಅವರದು ಅದೇ ಮಾತು. "ನೋಡ್ತಿರು, ಮುಂದೆ ಊರಿಗೆಲ್ಲ ಹಿಂಗೇ ಬಿಸಿಲು ತುಂಬಿಟ್ಟು ಕರೆಂಟ್ ಕೊಡ್ತಾರೆ. ಆಗ ನಮ್ ಮನೆಗೆ ಯಾರೂ ಬರಲ್ಲ" ಎನ್ನುತ್ತಿದ್ದರು. ಬೇಗ ಕೊಡಲಪ್ಪ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ನಿಮ್ಮ ಅಮ್ಮ ಟೀಚರಾಗಿ ಮೊದಲ ಸಂಬಳದಲ್ಲಿ ಎರಡು ಸೀರೆ ತಂದಳು, ಎರಡೂ ಒಂದೇ ಬಣ್ಣ. ನನ್ನದು ಇನ್ನೂ ಮಡಿಕೆ ಮುರಿಯದೆ ಇದೆ. ಅಕ್ಕ ತಮ್ಮದಕ್ಕೆ ತಿಂಗಳೊಳಗೇ ತೂತು ಮಾಡಿಕೊಂಡರು.

ಅವರು ತೀರಿಕೊಂಡ ಬೆಳಿಗ್ಗೆ, ಜನ ಸೇರುವ ಮುಂಚೆ, ನಾನು ತಾರಸಿಗೆ ಹೋಗಿ ಹಲಗೆ ಒರೆಸಿ ಬಂದೆ. ಸಂಜೆ ಕರೆಂಟ್ ಹೋಯಿತು. ಅವರ ಪಡಸಾಲೆಯಲ್ಲಿ ಬೆಳಕಿತ್ತು. ಅದರಡಿಯಲ್ಲಿ ನಿಮ್ಮ ಅಮ್ಮ "ದೊಡ್ಡಮ್ಮಾ" ಎಂದು ಬಿಕ್ಕುತ್ತಿದ್ದಳು. ನಾನು ಸತ್ತಾಗಲೂ ಇಷ್ಟು ಅಳುತ್ತಾಳೆಯೇ ಎಂದು ಅಲ್ಲೂ ನನ್ನ ಹೊಟ್ಟೆ ಉರಿಯಿತು. ಆ ಬೆಳಕು ಯಾರು ಒರೆಸಿದ್ದೆಂದು ಅವಳಿಗೆ ಹೇಳುವವರು ಮಾತ್ರ ಇರಲಿಲ್ಲ.