ಧೂಳು ಕೂರದ ಅಟ್ಟ

ಕಳೆದ ವರ್ಷ ಯುಗಾದಿಗೆ ಮುಂಚಿನ ಶುಕ್ರವಾರ ಬೆಳಿಗ್ಗೆ, ದೋಹಾದ ಅಲ್ ಮುಂತಜಾದಲ್ಲಿರುವ ನಮ್ಮ ಬಾಡಿಗೆ ಮನೆಯಲ್ಲಿ ಬಚ್ಚಲಿನ ಮೇಲಿನ ಅಟ್ಟವನ್ನು ತೆರೆದೆ. ಮೂರು ವರ್ಷದಿಂದ ಮುಚ್ಚಿದ್ದ ಅಟ್ಟದಲ್ಲಿ ಧೂಳಿರಲಿಲ್ಲ. ಇದರಲ್ಲಿ ಬರೆಯುವಂಥದ್ದೇನಿದೆ ಎಂದು ಅನ್ನಿಸಿದರೆ ನೀವು ದೋಹಾದಲ್ಲಿ ಮನೆ ಮಾಡಿದವರಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥ ಕಥೆಗಳನ್ನು ನಂಬುವವನಲ್ಲ. ಇಲ್ಲಿಗೆ ಬರುವ ಮೊದಲು ಹಲವು ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ದೆವ್ವ ಕಂಡವರು, ಕನಸಿನಲ್ಲಿ ದೇವರು ಬಂದು ಜಾಗ ತೋರಿಸಿದವರು, ಎಲ್ಲರ ಸುದ್ದಿಯೂ ನನ್ನ ಮೇಜಿಗೆ ಬಂದು ಅಲ್ಲೇ ಸಾಯುತ್ತಿತ್ತು. ಕಂಡದ್ದು ಯಾರು ಎಂದು ಕೇಳಿದರೆ, "ಜನ ಹೇಳ್ತಾರೆ ಸರ್" ಎನ್ನುತ್ತಿದ್ದರು. ಆ ಜನ ಮಾತ್ರ ಒಮ್ಮೆಯೂ ಸಿಕ್ಕಲಿಲ್ಲ.

ಸದ್ದು ಶುರುವಾದದ್ದು ಆ ಯುಗಾದಿಗೆ ಹಿಂದಿನ ಚಳಿಗಾಲದಲ್ಲಿ. ಶುಕ್ರವಾರ ರಜೆ, ತಿಂಡಿಯ ಹೊತ್ತಿಗೆ ಬಚ್ಚಲಿನ ಮೇಲಿಂದ ಕಡ್ಡಿಪೊರಕೆಯಲ್ಲಿ ಗುಡಿಸಿದಂತೆ ಸರಸರ ಕೇಳುತ್ತಿತ್ತು. ನಮ್ಮದು ಕೊನೆಯ ಮಹಡಿ, ಮೇಲೆ ತಾರಸಿ. ನನ್ನ ಹೆಂಡತಿ ವಿಜಯಾ ಮೊದಲು ಕೇಳಿಸಿಕೊಂಡಳು. ಪಾರಿವಾಳ ಎಂದೆ. ಕಟ್ಟಡದ ಕಾವಲುಗಾರನನ್ನು ಕೇಳಿದರೆ ಅವನು ಫೋನಿನಿಂದ ತಲೆ ಎತ್ತದೆ, "ಮಾಫಿ ಕಬೂತರ್, ಊಪರ್ ಜಾಲಿ ಹೈ" ಎಂದ. ತಾರಸಿಗೆ ಬಲೆ ಕಟ್ಟಿದೆ, ಪಾರಿವಾಳ ಬರುವುದಿಲ್ಲ ಎಂದು ಅರ್ಥ. ತಾರಸಿ ಗುಡಿಸುವುದು ಅವನದೇ ಕೆಲಸ. ಅವನು ಪೊರಕೆ ಹಿಡಿದದ್ದನ್ನು ನಾನು ಕಂಡಿಲ್ಲವಾದ್ದರಿಂದ ಸದ್ದು ಅವನದಲ್ಲ ಎಂಬುದಂತೂ ಖಾತ್ರಿಯಾಯಿತು.

ಎದುರು ಮನೆಯ ರಾಮಚಂದ್ರ ಗದಗಿನವರು, ಗ್ಯಾಸ್ ಪೈಪುಗಳ ಸುರಕ್ಷತೆ ನೋಡುವ ಎಂಜಿನಿಯರ್. ಅವರ ಬಳಿ ಪರಿಹಾರ ಸಿದ್ಧವಾಗಿತ್ತು.

"ನಿಂಬಿಹಣ್ಣು ಕೊಯ್ದು ಕುಂಕುಮ ಹಚ್ಚಿ ಬಚ್ಚಲ ಮೂಲ್ಯಾಗ ಇಡ್ರಿ ಸರ. ಹೋದ್ರ ಒಂದು ನಿಂಬಿಹಣ್ಣು ಹೋಗ್ತದ."

"ನಿಮ್ಮ ಪ್ಲಾಂಟಿನಲ್ಲೂ ಇಡ್ತೀರಾ?"

"ಅಲ್ಲಿ ಇನ್‌ಸ್ಪೆಕ್ಷನ್ ಬರ್ತದ್ರಿ" ಎಂದರು, ನಗದೆ.

ಇಷ್ಟೇ ಆಗಿದ್ದರೆ ನಾನು ಪೇಪರ್ ಓದಿಕೊಂಡು ಇರುತ್ತಿದ್ದೆ. ಆದರೆ ಯುಗಾದಿ ಕಳೆದ ಮೇಲೆ ಮನೆಯ ಕರಾರು ಮುಗಿಯುವುದಿತ್ತು. ವಿಜಯಾ ನೇರವಾಗಿ ಹೇಳಿದಳು: "ಈ ಮನೇಲಿ ಇನ್ನೊಂದು ವರ್ಷ ನನ್ನ ಕೈಲಾಗಲ್ಲ. ಪಾಪುನ ಕರ್ಕೊಂಡು ಮೈಸೂರಿಗೆ ಹೋಗ್ತೀನಿ. ನೀವು ಯಾವುದಾದ್ರೂ ಬ್ಯಾಚುಲರ್ ರೂಮಲ್ಲಿ ಇರಿ."

ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದವರನ್ನು ನಾನು ನೋಡಿದ್ದೇನೆ. ನಾಲ್ಕು ಜನರ ಕೋಣೆಯಲ್ಲಿ ಮಂಚಕ್ಕೆ ಪರದೆ ಕಟ್ಟಿಕೊಂಡು, ಮಗಳು ಬೆಳೆಯುವುದನ್ನು ಫೋನಿನಲ್ಲಿ ನೋಡುತ್ತಾರೆ. ಸದ್ದೊಂದಕ್ಕೆ ಹೆದರಿ ನನಗೆ ಆ ಗತಿ ಬೇಕಿರಲಿಲ್ಲ. ಯುಗಾದಿಗೆ ಹೇಗೂ ಮನೆ ತೊಳೆಯಬೇಕು; ಈ ಸಲ ಒಂದು ಸಂದಿಯನ್ನೂ ಬಿಡದೆ ನಾನೇ ತೊಳೆಯುತ್ತೇನೆ, ಇಲಿಯೋ ಪಾರಿವಾಳವೋ ಹಿಡಿದು ತೋರಿಸುತ್ತೇನೆ, ತೋರಿಸಲಾಗದಿದ್ದರೆ ನಿನ್ನಿಷ್ಟ ಎಂದೆ. ಅವಳು ಒಪ್ಪಿದಳು.

ಗಲ್ಫಿನಲ್ಲಿರುವ ನಮ್ಮವರ ಮನೆಗಳ ಬಗ್ಗೆ ಒಂದು ಮಾತು. ಮುಂದಿನ ವರ್ಷ ಊರಿಗೆ ಹೊರಟುಬಿಡುತ್ತೇವೆ ಎಂದುಕೊಂಡೇ ಹತ್ತು ವರ್ಷ ಇರುವವರು ನಾವು. ಹಾಗಾಗಿ ಕಣ್ಣಿನ ಮಟ್ಟಕ್ಕಿಂತ ಮೇಲಿನದನ್ನು ಯಾರೂ ಒರೆಸುವುದಿಲ್ಲ. ಕಬೋರ್ಡಿನ ಮೇಲೆ ಸೂಟ್‌ಕೇಸು, ಅಟ್ಟದಲ್ಲಿ ಟೀವಿ, ಮಿಕ್ಸರು, ವಾಷಿಂಗ್ ಮೆಷಿನ್ನಿನ ಖಾಲಿ ಪೆಟ್ಟಿಗೆಗಳು, ಹೊರಡುವಾಗ ಬೇಕಾಗುತ್ತವೆಂದು. ಟೀವಿ ಕೆಟ್ಟು ಎಸೆದಾಗಿದ್ದರೂ ಅದರ ಪೆಟ್ಟಿಗೆ ಇರುತ್ತದೆ. ಬೇರೆಯವರನ್ನು ಹೇಳುತ್ತಿಲ್ಲ, ನಮ್ಮ ಅಟ್ಟದಲ್ಲೂ ಅಂಥವೇ ಇದ್ದವು.

ಗುರುವಾರ ಸಂಜೆಯಿಂದ ಶುರು ಮಾಡಿದೆ. ಫ್ರಿಜ್ಜಿನ ಹಿಂದೆ ಒಣಗಿದ ಕರಿಬೇವು, ಮಗಳ ಕಳೆದುಹೋದ ಚಪ್ಪಲಿ. ಎಕ್ಸಾಸ್ಟ್ ಫ್ಯಾನಿನ ಮೇಲೆ ಎಣ್ಣೆಯೂ ಮರಳೂ ಸೇರಿ ಕಂಬಳಿಯಂತಾದ ಪದರ. ಎಸಿಯ ಜಾಲರಿ ಬಿಚ್ಚಿದಾಗ ಧೂಳು ಉಂಡೆಯಾಗಿ ಬಿತ್ತು. ಇಲ್ಲಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನವರು ವಿನೆಗರ್, ಸೋಡಾ, ನಿಂಬೆಸಿಪ್ಪೆ ಎಂದು ಸಲಹೆ ಕಳಿಸುತ್ತಲೇ ಇದ್ದರು; ಸಲಹೆ ಕೊಟ್ಟವರಲ್ಲಿ ಸ್ವಂತ ಕೈಯಲ್ಲಿ ಬಟ್ಟೆ ಹಿಂಡಿದವರು ಒಬ್ಬರೂ ಇರಲಾರರು. ಇಲಿ ಸಿಗಲಿಲ್ಲ. ಇಲಿಯ ಹಿಕ್ಕೆಯೂ ಸಿಗಲಿಲ್ಲ.

ಉಳಿದದ್ದು ಅಟ್ಟ. ಅದರ ಬಾಗಿಲು ಒಂದು ಪ್ಲೈವುಡ್ ಹಲಗೆ. ಮೂರು ವರ್ಷದ ಹಿಂದೆ ಮಾಲೀಕ ಕಳಿಸಿದ ಪೇಂಟರುಗಳು ಅದನ್ನು ತೆಗೆಯುವ ಗೋಜಿಗೆ ಹೋಗದೆ ಗೋಡೆಯ ಜೊತೆ ಸೇರಿಸಿ ಬಣ್ಣ ಬಳಿದಿದ್ದರು. ನಾಲ್ಕು ಅಂಚಿನಲ್ಲೂ ಬಣ್ಣ ಗಟ್ಟಿಯಾಗಿತ್ತು. ಏಣಿ ಹತ್ತಿ ಅಡುಗೆ ಚಾಕುವಿನಲ್ಲಿ ಕೊಯ್ಯತೊಡಗಿದೆ. ಮೂರನೆಯ ಅಂಚು ಕೊಯ್ಯುವಾಗ ಮೇಲೆ ಸರಸರ ಸದ್ದಾಯಿತು. ಕೆಳಗೆ ಏಣಿ ಹಿಡಿದಿದ್ದ ವಿಜಯಾಳೂ ಕೇಳಿಸಿಕೊಂಡಳು. ಹಲಗೆ ಕಿತ್ತಾಗ ಸದ್ದು ನಿಂತಿತು.

ಟಾರ್ಚ್ ಬಿಟ್ಟು ನೋಡಿದೆ. ಮನುಷ್ಯ ಕೂರಲಾಗದಷ್ಟು ತಗ್ಗಾದ ಜಾಗ, ಮೂರು ಕಡೆ ಗೋಡೆ. ನಾವು ಹೇಗೆಂದರೆ ಹಾಗೆ ತುರುಕಿದ್ದ ಪೆಟ್ಟಿಗೆಗಳು ದೊಡ್ಡದರ ಮೇಲೆ ಚಿಕ್ಕದು ಎಂಬಂತೆ ಗೋಡೆಗೆ ಒತ್ತಿ ಜೋಡಣೆಯಾಗಿದ್ದವು. ಬೆರಳಲ್ಲಿ ಸವರಿದೆ, ಬೆರಳು ಸ್ವಚ್ಛವಾಗಿತ್ತು. ಸಿಮೆಂಟಿನ ನೆಲದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಅರ್ಧಚಂದ್ರದಂಥ ಗುರುತುಗಳಿದ್ದವು. ನಾನು ನೋಡುತ್ತಿದ್ದಂತೆಯೇ ಅವು ಅಂಚಿನಿಂದ ಒಣಗುತ್ತಾ ಬಂದವು.

ಕಾರಣ ಹುಡುಕಿದೆ. ಮುಚ್ಚಿದ ಜಾಗಕ್ಕೆ ಧೂಳು ಹೋಗುವುದಿಲ್ಲ ಎನ್ನಬಹುದು. ಆದರೆ ಪೆಟ್ಟಿಗೆಗಳನ್ನು ನಾವು ಇಟ್ಟಾಗಲೇ ಅವುಗಳ ಮೇಲೆ ಧೂಳಿತ್ತು. ನೀರಿನ ಪೈಪು ಸೋರಿರಬಹುದು. ಪ್ಲಂಬರನನ್ನು ಕರೆಸಿದೆ, ಅವನು ಆ ಅಟ್ಟದಲ್ಲಿ ಪೈಪೇ ಇಲ್ಲವೆಂದು ತೋರಿಸಿ ಹೋದ. ಪೆಟ್ಟಿಗೆಗಳನ್ನು ಜೋಡಿಸಿದ್ದು ಯಾರು ಎಂಬುದಕ್ಕೆ ಒಂದು ಸುಳ್ಳು ಕಾರಣವೂ ಹೊಳೆಯಲಿಲ್ಲ.

ವಿಜಯಾ ಏಣಿ ಹತ್ತಿದಳು. ತುಂಬ ಹೊತ್ತು ಒಳಗೆ ನೋಡಿದಳು. ಇಳಿದು ಬಂದು ಕೈ ತೊಳೆದುಕೊಂಡು ಒಬ್ಬಟ್ಟಿಗೆ ಬೇಳೆ ನೆನೆಹಾಕಲು ಹೋದಳು. ಊರಿಗೆ ಟಿಕೆಟ್ ಯಾವತ್ತಿಗೆ ಎಂದು ಕೇಳಿದೆ.

"ಯಾಕೆ? ಇಷ್ಟು ಕ್ಲೀನಾಗಿ ಇಟ್ಕೊಂಡಿರೋರು ನಮಗೇನು ಮಾಡ್ತಾರೆ? ಆರು ವರ್ಷದಲ್ಲಿ ಈ ಮನೇಲಿ ನೀವು ಒಂದು ಪೆಟ್ಟಿಗೆ ಒರೆಸಿದ್ದೀರಾ?"

ಅವಳ ಹೆದರಿಕೆ ಅಲ್ಲಿಗೆ ಹೋಯಿತು. ಬೇರೆ ಮನೆ ನೋಡೋಣ, ಅಲ್ ಥುಮಾಮಾದ ಕಡೆ ಹೊಸ ಕಟ್ಟಡಗಳಿವೆ ಎಂದು ಆಮೇಲೆ ಹೇಳಿದವನು ನಾನು. ಅವಳು ಕೇಳಲಿಲ್ಲ. ಕರಾರು ನವೀಕರಿಸಿದೆವು.

ಅಟ್ಟ ಮುಚ್ಚುವ ಮೊದಲು ಒರೆಸುವ ಹೊಸ ಹಳದಿ ಬಟ್ಟೆಯೊಂದನ್ನು, ನೀರು ತಾಗಿಸದೆ, ಮುದ್ದೆ ಮಾಡಿ ಒಳಗೆ ಎಸೆದೆ. ಹಲಗೆಯ ಸುತ್ತ ಟೇಪ್ ಹಚ್ಚಿ, ಟೇಪಿನ ಮೇಲೂ ಗೋಡೆಯ ಮೇಲೂ ಬರುವಂತೆ ನಾನು ಸಹಿ ಮಾಡಿದೆ. ರಾಮಚಂದ್ರರಿಂದಲೂ ಮಾಡಿಸಿದೆ. "ನಿಂಬಿಹಣ್ಣ ಇಟ್ಟಿದ್ರ ಇದಕ್ಕಿಂತ ಸಸ್ತಾ ಆಗ್ತಿತ್ರಿ" ಎಂದರು.

ಈ ವರ್ಷ ಯುಗಾದಿಗೆ ಮುಂಚಿನ ಶುಕ್ರವಾರ ಅವರನ್ನು ಕರೆದು ಅವರ ಎದುರಿಗೇ ತೆಗೆದೆ. ಟೇಪ್ ಹರಿದಿರಲಿಲ್ಲ, ಎರಡೂ ಸಹಿಗಳು ಸರಿಯಾಗಿದ್ದವು. ಒಳಗೆ ಧೂಳಿರಲಿಲ್ಲ. ಹಳದಿ ಬಟ್ಟೆ ನಾಲ್ಕು ಮಡಿಕೆಯಾಗಿ ಟೀವಿ ಪೆಟ್ಟಿಗೆಯ ಮೇಲಿತ್ತು. ಅದು ಒದ್ದೆಯಾಗಿತ್ತು.