ಬೋರ್ಡಿನ ಮುಂದಿನ ಮೂರಡಿ

ಹೋದ ತಿಂಗಳು ಹೊನ್ನಾಳಿಯ ಒಂದು ಬ್ಯಾಂಕಿನಲ್ಲಿ ನನ್ನ ಸರದಿಗಾಗಿ ಕಾಯುತ್ತಾ ನಿಂತಿದ್ದೆ. ಮೂಲೆಯಲ್ಲಿದ್ದ ಕರೆಂಟ್ ಬೋರ್ಡಿನ ಮುಂದೆ ನೆಲಕ್ಕೆ ಹಳದಿ ಪಟ್ಟಿ ಬಳಿದು, ಅದರೊಳಗೆ ಕಪ್ಪು ರಬ್ಬರ್ ಚಾಪೆ ಹಾಸಿದ್ದರು. ಯಾರೋ ಹೆಂಗಸು ತನ್ನ ಚೀಲವನ್ನು ಅದರ ಮೇಲೆ ಇಟ್ಟಾಗ ಗಾರ್ಡ್ ಬಂದು ತೆಗೆಸಿದ. ಅಷ್ಟೇ. ನಾನು ಮಾತ್ರ ಸರದಿ ಬಿಟ್ಟು, ಪಾಸ್‌ಬುಕ್ ಜೇಬಿಗೆ ಹಾಕಿಕೊಂಡು ಹೊರಗೆ ಬಂದುಬಿಟ್ಟೆ.

ಹನ್ನೆರಡು ವರ್ಷದ ಹಿಂದೆ ನಾನು ಚನ್ನಗಿರಿಯ ಒಂದು ಕಲ್ಯಾಣ ಮಂಟಪದಲ್ಲಿ ಮ್ಯಾನೇಜರ್ ಆಗಿದ್ದೆ. ವೈರಿಂಗ್ ಕೆಲಸಕ್ಕೆಲ್ಲ ತ್ಯಾವಣಿಗೆಯಿಂದ ಒಬ್ಬರು ಬರುತ್ತಿದ್ದರು. ಐವತ್ತು ದಾಟಿದ ಮನುಷ್ಯ, ಸಣ್ಣ ದನಿ, ಇಸ್ತ್ರಿ ಮಾಡಿದ ಖಾಕಿ ಅಂಗಿ. ರಬ್ಬರ್ ಅಟ್ಟೆಯ ಬೂಟು ಹಾಕಿಕೊಳ್ಳದೆ ಯಾವ ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ. ಸುತ್ತಲಿನ ಅಕ್ಕಿ ಗಿರಣಿಯವರೂ ಅವರನ್ನೇ ಕರೆಸುತ್ತಿದ್ದರು. ಅವರು ಮುಗಿಸಿದ ಕೆಲಸವನ್ನು ಇನ್ನೊಬ್ಬರು ನೋಡಬೇಕಾಗಿಲ್ಲ ಎನ್ನುವಷ್ಟು ನಂಬಿಕೆ.

ನಮ್ಮ ಬೋರ್ಡು ಇದ್ದದ್ದು ಊಟದ ಹಾಲಿನ ಪಕ್ಕದ ಕೋಣೆಯಲ್ಲಿ. ನನಗೆ ಅದು ಸಾಮಾನಿನ ಕೋಣೆ. ಕಬ್ಬಿಣದ ಕುರ್ಚಿಗಳು, ಜಮಖಾನದ ಸುರುಳಿಗಳು, ಮುರಿದ ಟೇಬಲ್ಲು, ಎಲ್ಲವನ್ನೂ ಅಲ್ಲೇ ಒಟ್ಟಿಸುತ್ತಿದ್ದೆ. ಬಂದಾಗಲೆಲ್ಲ ಅವರು ತಾವೇ ಕುರ್ಚಿ ಎತ್ತಿ ಪಕ್ಕಕ್ಕಿಡುತ್ತಿದ್ದರು. ಒಮ್ಮೆ ನನ್ನನ್ನು ಕರೆದು ಬೋರ್ಡಿನ ಎದುರು ನಿಲ್ಲಿಸಿದರು.

"ಇಲ್ಲಿ ಮೂರಡಿ ಖಾಲಿ ಇರಬೇಕು ಸಾರ್. ಬಾಗ್ಲು ಪೂರ್ತಿ ತೆಗಿಯಾಕೆ ಬರಬೇಕು. ಒಳಗೆ ಏನಾರ ಆದ್ರೆ ಮನುಷ್ಯ ಹಿಂದಕ್ಕೆ ಸರಿಯಾಕೆ ಜಾಗ ಬೇಕಲ್ರಿ."

ಆಗಲಿ ಎಂದೆ. ಈ ಸಾಲಿನ ಮದುವೆಗಳು ಮುಗಿಯಲಿ ಎಂದೆ. ಎಷ್ಟು ಸಲ ಹಾಗೆಂದೆನೋ...

ಆ ದಿನ ದೊಡ್ಡ ಮದುವೆ. ಮುಹೂರ್ತಕ್ಕೆ ಸ್ವಲ್ಪ ಮುಂಚೆ ಅರ್ಧ ಹಾಲಿನ ಕರೆಂಟು ಹೋಯಿತು. ಹೆಣ್ಣಿನ ಕಡೆಯವರು ನನ್ನ ಮೇಲೆ ರೇಗತೊಡಗಿದರು. ದೊಡ್ಡ ಮದುವೆಯೆಂದು ಬೆಳಗ್ಗೆಯೇ ಬಂದಿದ್ದ ವೈರ್‌ಮನ್, ಬೋರ್ಡಿನ ಕೋಣೆಗೆ ಹೋಗಿ ನೋಡಿ, ಮೊದಲು ಕುರ್ಚಿ ತೆಗೆಸಿ, ಮೇನ್ ಆಫ್ ಮಾಡಿಯೇ ಕೈ ಹಾಕುತ್ತೇನೆ ಎಂದರು. ಮೇನ್ ತೆಗೆದರೆ ಇಡೀ ಮಂಟಪ ಕತ್ತಲಾಗುತ್ತದೆ, ಕುರ್ಚಿ ಎತ್ತಲು ಆಳುಗಳಿಲ್ಲ, ಹೇಗಾದರೂ ಮಾಡಿ ಎಂದೆ. ಅವರು ಹಿಂಜರಿದರು.

"ಹೆದರಿಕೆ ಆದ್ರೆ ಹೇಳ್ರಿ, ಬೇರೆಯವ್ರನ್ನ ಕರೆಸ್ತೀನಿ," ಎಂದೆ.

ಅವರು ಕುರ್ಚಿಗಳ ನಡುವೆ ಅಡ್ಡಡ್ಡ ತೂರಿಕೊಂಡು ಹೋಗಿ, ಅರ್ಧ ಮಾತ್ರ ತೆರೆದ ಬಾಗಿಲ ಸಂದಿಯಲ್ಲಿ ಬಲಗೈ ಹಾಕಿದರು. ಫಟ್ ಎಂದು ಬಿಳಿ ಬೆಳಕು. ಹಿಂದಕ್ಕೆ ಹಾರಿದವರ ಬೆನ್ನಿಗೆ ಕುರ್ಚಿಗಳ ರಾಶಿ ತಗುಲಿತು. ಮತ್ತೆ ಬೋರ್ಡಿನ ಮೇಲೇ ಬಿದ್ದರು. ಅಡುಗೆಯವರೊಬ್ಬರು ಓಡಿಬಂದು ಮರದ ಹಲಗೆಯಿಂದ ತಳ್ಳಿ ಬಿಡಿಸಿದರು.

ಜೀವ ಉಳಿಯಿತು. ಬಲಗೈಯ ಮೂರು ಬೆರಳು ಹೋದವು.

ವಿಚಾರಣೆಗೆ ಅಧಿಕಾರಿ ಬರುವ ಮೊದಲೇ ನಾನು ಕೋಣೆ ಖಾಲಿ ಮಾಡಿಸಿ ಗುಡಿಸಿಟ್ಟಿದ್ದೆ. ಬೋರ್ಡಿನ ಮುಂದೆ ಮೊದಲಿಂದಲೂ ಜಾಗವಿತ್ತು ಎಂದು ಬರೆದುಕೊಟ್ಟೆ. ಆಸ್ಪತ್ರೆಯಲ್ಲಿ ಅಧಿಕಾರಿ ಅವರನ್ನು ಕೇಳಿದಾಗ ನಾನೂ ಮಂಚದ ಪಕ್ಕ ನಿಂತಿದ್ದೆ. ಅವರು ಒಂದು ಗಳಿಗೆ ನನ್ನನ್ನು ನೋಡಿದರು.

"ನಂದೇ ಕೈ ಜಾರ್ತು ಸಾರ್," ಎಂದರು.

ಯಾಕೆ ಹಾಗೆಂದರೋ... ಅವರ ಹೆಂಡತಿ ನಮ್ಮ ಮಂಟಪದಲ್ಲೇ ಪಾತ್ರೆ ತೊಳೆಯುತ್ತಿದ್ದರು. ಆ ಕೆಲಸವೂ ಹೋದೀತೆಂಬ ಅಂಜಿಕೆ ಇರಬಹುದು. ನಾನು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ.

ಆಮೇಲೆ ಆ ಮಾತೇ ಊರೂರು ತಿರುಗಿತು. ಎಡಗೈಯಲ್ಲಿ ಕೆಲಸ ರೂಢಿ ಮಾಡಿಕೊಂಡು ಅವರು ಮತ್ತೆ ಗಿರಣಿಗಳಿಗೆ ಹೋದರಂತೆ. ಯಾರೂ ಕೆಲಸ ಕೊಡಲಿಲ್ಲ. ಕೈ ಜಾರುವವರ ಕೈಗೆ ಬೋರ್ಡು ಹೇಗೆ ಕೊಡುವುದು ಎಂದು ಒಬ್ಬ ಗಿರಣಿ ಮಾಲೀಕ ನನ್ನೆದುರೇ ನಕ್ಕ. ನಾನೂ ನಕ್ಕೆ. ಸುಳ್ಳು ಬರೆದುಕೊಟ್ಟದ್ದಕ್ಕಿಂತ ಆ ನಗುವಿಗೇ ನನಗೆ ಇವತ್ತು ಹೆಚ್ಚು ನಾಚಿಕೆಯಾಗುತ್ತದೆ. ಅಷ್ಟು ಜಾಗರೂಕ ಮನುಷ್ಯನಿಗೆ ಅಜಾಗರೂಕ ಎಂಬ ಹೆಸರು ಅಂಟಿಸಿ, ಸುಮ್ಮನೆ ಓಡಾಡಿಕೊಂಡಿದ್ದೆ.

ಬ್ಯಾಂಕಿನಿಂದ ಹೊರಗೆ ಬಂದ ಮರುದಿನ ತ್ಯಾವಣಿಗೆಗೆ ಹೋದೆ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ನನಗೆ ಅದೂ ಗೊತ್ತಿರಲಿಲ್ಲ. ಅವರ ಹೆಂಡತಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ಅವ್ರ ಕೈ ಜಾರಿಲ್ಲ ಅನ್ನೋದು ನಂಗೊತ್ತೈತ್ರಿ," ಎಂದರು. "ಅವ್ರು ಇದ್ದಾಗ ಇದನ್ನ ಯಾರ ಮುಂದಾದ್ರೂ ಹೇಳಿದ್ರಾ?"

ಇಲ್ಲ ಎಂದೆ.

ಅವರು ಕುಳಿತುಕೊಳ್ಳಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದರು. ತೆರೆದ ಬಾಗಿಲಿನಿಂದ ಗೋಡೆಯ ಮೇಲೆ ಅವರ ಗಂಡನ ಫೋಟೋ ಕಾಣುತ್ತಿತ್ತು. ಒಳಗೆ ಹೋಗಿ ಅದಕ್ಕೊಂದು ಕೈ ಮುಗಿಯಲು ನನಗೆ ಧೈರ್ಯ ಸಾಲಲಿಲ್ಲ. ಅಂಗಳದಲ್ಲೇ ಸ್ವಲ್ಪ ಹೊತ್ತು ನಿಂತಿದ್ದು, ಬಸ್ಸಿಗೆ ಬಂದೆ...